ಹದಿನಾಲ್ಕು ಸೂಜಿಯ ಚಳಿಗಾಲ

ಹೋದ ತಿಂಗಳು ಮೊಮ್ಮಗನಿಗೆ ಚುಚ್ಚುಮದ್ದು ಹಾಕಿಸಲು ದಾವಣಗೆರೆಯ ಒಂದು ಮಕ್ಕಳ ಆಸ್ಪತ್ರೆಗೆ ಹೋಗಿದ್ದೆವು. ಗೋಡೆಯ ಮೇಲಿನ ಟೀವಿಯಲ್ಲಿ ಕಾರ್ಟೂನ್ ಓಡುತ್ತಿತ್ತು. ದಪ್ಪ ಕರಡಿಯೊಂದು ಏಣಿಯಿಂದ ಬೀಳುತ್ತಿತ್ತು, ಏಳುತ್ತಿತ್ತು, ಮತ್ತೆ ಬೀಳುತ್ತಿತ್ತು. ಮಗು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದಾಗ ನರ್ಸು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಅವನ ತೊಡೆ ಒರೆಸಿದಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಹೊಟ್ಟೆ ತಾನಾಗಿಯೇ ಒಳಕ್ಕೆ ಎಳೆದುಕೊಂಡಿತು. ಎರಡೂ ಕೈ ಹೊಕ್ಕುಳಿನ ಮೇಲೆ ಹೋದವು. ಸೊಸೆ ಗಾಬರಿಯಾಗಿ, ತಲೆ ತಿರುಗುತ್ತಿದೆಯೇ ಎಂದು ಕೇಳಿದಳು. ಇಲ್ಲವೆಂದೆ. ಕಾರ್ಟೂನೂ ಸ್ಪಿರಿಟ್ಟೂ ಒಂದೇ ಕಡೆ ಎದುರಾದಾಗ ನನಗೆ ಏನಾಗುತ್ತದೆ ಎಂಬುದನ್ನು ಅವಳಿಗೆ ನಿಂತ ನಿಲುವಿನಲ್ಲಿ ಹೇಳುವುದು ಸಾಧ್ಯವಿರಲಿಲ್ಲ.

ಅದು ಎಪ್ಪತ್ತರ ದಶಕದ ಕೊನೆಯ ಒಂದು ಚಳಿಗಾಲ. ನಾನು ಹೊನ್ನಾಳಿಯಲ್ಲಿ ಆರನೇ ಕ್ಲಾಸಿನಲ್ಲಿದ್ದೆ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರು. ಬೆಳಗಿನಿಂದ ಸಂಜೆಯವರೆಗೂ ಶಿವಮೊಗ್ಗ, ಹರಿಹರ, ದಾವಣಗೆರೆ ಎಂದು ಕೂಗಿ ಜನರನ್ನು ಹತ್ತಿಸುವುದು ಅವರ ಕೆಲಸ. ಮನೆಗೆ ಬಂದ ಮೇಲೆ ಮಾತು ಕಡಿಮೆ. ಊರಿನ ಯಾವ ಬಸ್ಸಿಗೆ ಯಾರು ಹತ್ತಿದರು, ಎಲ್ಲಿ ಇಳಿದರು ಎಂಬುದೆಲ್ಲ ಅವರಿಗೆ ಗೊತ್ತಿರುತ್ತಿತ್ತು. ಈ ಕತೆಗೆ ಅದು ಮುಖ್ಯ.

ನನಗಿದ್ದ ಹುಚ್ಚು ಒಂದೇ, ಗೊಂಬೆ ಸಿನಿಮಾ. ಕಾರ್ಟೂನ್ ಎಂಬ ಪದ ನಮಗಾಗ ಗೊತ್ತಿರಲಿಲ್ಲ. ಹಿಂದಿನ ವರ್ಷ ಚಿಕ್ಕಪ್ಪನ ಮದುವೆಗೆ ದಾವಣಗೆರೆಗೆ ಹೋದಾಗ ಎಲ್ಲರೂ ಸಿನಿಮಾಕ್ಕೆ ಹೋಗಿದ್ದೆವು. ದೊಡ್ಡ ಸಿನಿಮಾ ಶುರುವಾಗುವ ಮುಂಚೆ ಐದಾರು ನಿಮಿಷ ಬರೆದ ಚಿತ್ರಗಳು ಓಡಿದವು. ಆನೆಯೊಂದು ಕೊಡೆ ಹಿಡಿದುಕೊಂಡು ಮಳೆಯಲ್ಲಿ ನಡೆಯಿತು, ಜಾರಿತು, ಸೊಂಡಿಲಿನಿಂದ ಕೊಡೆ ಎತ್ತಿಕೊಂಡು ಮತ್ತೆ ನಡೆಯಿತು. ಅಷ್ಟೇ. ಆಮೇಲೆ ಬಂದ ಮೂರು ಗಂಟೆಯ ಸಿನಿಮಾದ ಒಂದು ದೃಶ್ಯವೂ ನನಗೆ ನೆನಪಿಲ್ಲ. ಊರಿಗೆ ಬಂದ ಮೇಲೆ ನನ್ನ ಪ್ರತಿಯೊಂದು ನೋಟ್‌ಬುಕ್ಕಿನ ಮೂಲೆಯಲ್ಲಿ ಆನೆ ಬರೆದೆ. ಒಂದು ಹಾಳೆಗಿಂತ ಮುಂದಿನ ಹಾಳೆಯಲ್ಲಿ ಕಾಲು ಸ್ವಲ್ಪ ಮುಂದೆ. ಪಟಪಟನೆ ಹಾಳೆ ತಿರುವಿದರೆ ಆನೆ ನಡೆಯಬೇಕು. ನಡೆಯುತ್ತಿರಲಿಲ್ಲ, ನಡುಗುತ್ತಿತ್ತು. ಗಣಿತದ ಮೇಷ್ಟ್ರು ನೋಡಿ ಬೆಂಚಿನ ಮೇಲೆ ನಿಲ್ಲಿಸಿದರು.

ಅದೇ ಕಾಲಕ್ಕೆ ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ಗುಲಾಬಿ ಬಣ್ಣದ ಹೊಸ ಬಬಲ್‌ಗಮ್ ಬಂತು. ಒಂದೊಂದರ ಜೊತೆಗೂ ಬೆರಳುದ್ದದ ಒಂದು ಚೀಟಿ, ಅದರ ಮೇಲೆ ಕೋತಿಯ ಚಿತ್ರ, ಮೂಲೆಯಲ್ಲಿ ನಂಬರು. ಒಟ್ಟು ಇಪ್ಪತ್ತನಾಲ್ಕು. ಎಲ್ಲವನ್ನೂ ಜೋಡಿಸಿ ಹೆಬ್ಬೆರಳಿನಿಂದ ತಿರುವಿದರೆ ಕೋತಿ ತೆಂಗಿನಮರ ಹತ್ತಿ, ಕಾಯಿ ಕಿತ್ತು, ಪಕ್ಕದ ಮರಕ್ಕೆ ಹಾರುತ್ತದೆ ಎಂದು ಕವರಿನ ಮೇಲೆ ಬರೆದಿತ್ತು. ಹುಡುಗರು ಆ ಚೀಟಿಗಳನ್ನು ನೆಲದ ಮೇಲಿಟ್ಟು ಅಂಗೈಯಿಂದ ಬಡಿದು ಮಗುಚುವ ಆಟ ಆಡುತ್ತಿದ್ದರು, ಮಗುಚಿದವರಿಗೆ ಚೀಟಿ. ಹುಡುಗಿಯಾದರೂ ನಾನು ಆ ಆಟದಲ್ಲಿ ಅವರನ್ನು ಸೋಲಿಸುತ್ತಿದ್ದೆ. ಆದರೆ ನನಗೆ ಬೇಕಾಗಿದ್ದದ್ದು ಗೆಲುವಲ್ಲ, ಆ ಕೋತಿ ಓಡಬೇಕು.

ಕೋತಿಯನ್ನು ಓಡಿಸುತ್ತಿದ್ದವಳು ಗಿರಿಜ. ನನ್ನ ಕ್ಲಾಸಿನವಳೇ. ನನ್ನ ಕೈಯಲ್ಲಿ ತಡವರಿಸುತ್ತಿದ್ದ ಕೋತಿ ಅವಳ ಹೆಬ್ಬೆರಳಿಗೆ ಸಿಕ್ಕರೆ ಸರಸರನೆ ಮರ ಹತ್ತುತ್ತಿತ್ತು. ಅವಳ ಊರು ಜಗಳೂರಿನ ಹತ್ತಿರದ ಒಂದು ಹಳ್ಳಿ. ಅಪ್ಪ ಇರಲಿಲ್ಲ, ಅವ್ವ ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸಕ್ಕೆ ಹೋಗುತ್ತಿದ್ದಳು. ಅಲ್ಲಿ ನಾಲ್ಕನೇ ಕ್ಲಾಸಿನ ಮೇಲೆ ಶಾಲೆ ಇರಲಿಲ್ಲವಾದ್ದರಿಂದ ಹೊನ್ನಾಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಸೋದರಮಾವನ ಮನೆಗೆ ಕಳಿಸಿದ್ದರು. ಅತ್ತೆಗೆ ಅದು ಇಷ್ಟವಿರಲಿಲ್ಲ. ಪಾತ್ರೆ ಸರಿಯಾಗಿ ತೊಳೆಯದಿದ್ದರೆ, ಹಿಟ್ಟು ಜರಡಿ ಹಿಡಿಯುವುದು ತಡವಾದರೆ, ಜಗಳೂರು ಬಸ್ಸು ಹತ್ತಿಸುತ್ತೇನೆ ಎನ್ನುತ್ತಿದ್ದರಂತೆ. ಗಿರಿಜ ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮುಂದಿದ್ದಳು. ಶಾಲೆಯಲ್ಲಿ ಅವಳು ಹೆದರಿದ್ದನ್ನು ನಾನು ನೋಡಿರಲಿಲ್ಲ. ಜಗಳೂರು ಬಸ್ಸಿನ ಮಾತು ಬಂದರೆ ಮಾತ್ರ ಮುಖ ಸಣ್ಣದಾಗುತ್ತಿತ್ತು.

ನಮ್ಮಿಬ್ಬರ ಚೀಟಿಗಳೂ ಸೇರಿ ಇಪ್ಪತ್ತೆರಡಾದವು. ಹತ್ತೊಂಬತ್ತು, ಇಪ್ಪತ್ತು ಇರಲಿಲ್ಲ. ಕೋತಿ ಮರದಿಂದ ಮರಕ್ಕೆ ಹಾರುವ ಜಾಗ ಅದೇ. ಕಾಯಿ ಹಿಡಿದುಕೊಂಡು ಈ ಮರದಲ್ಲಿದ್ದದ್ದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಆ ಮರದಲ್ಲಿರುತ್ತಿತ್ತು. ಹೊನ್ನಾಳಿಯ ಅಂಗಡಿಗಳಲ್ಲಿ ಹುಡುಕಿ ಮುಗಿಯಿತು. ನ್ಯಾಮತಿಯಲ್ಲಿ ಒಬ್ಬ ಅಜ್ಜಿಯ ಅಂಗಡಿಗೆ ಹೊಸ ಡಬ್ಬಿ ಬಂದಿದೆ, ಆ ಅಜ್ಜಿ ಕವರು ಬೆಳಕಿಗೆ ಹಿಡಿದು ನಂಬರು ನೋಡಲು ಬಿಡುತ್ತಾಳೆ ಎಂದು ಯಾರೋ ಹೇಳಿದರು. ಶನಿವಾರ ಬೆಳಗಿನ ಶಾಲೆ. ಬಿಟ್ಟ ಮೇಲೆ ಹೋಗಿ ಮಧ್ಯಾಹ್ನ ಕಳೆಯುವುದರೊಳಗೆ ಬರಬಹುದು. ಅಪ್ಪನ ಕಣ್ಣಿಗೆ ಬೀಳಬಾರದೆಂದು ಬಸ್ ಸ್ಟ್ಯಾಂಡಿಗೆ ಹೋಗದೆ ಊರ ಹೊರಗೆ ನ್ಯಾಮತಿ ರಸ್ತೆಯವರೆಗೂ ನಡೆದು, ಅಪ್ಪನ ಪರಿಚಯವಿಲ್ಲದ ಕಂಡಕ್ಟರಿರುವ ಸರ್ಕಾರಿ ಬಸ್ಸಿಗೆ ಕೈ ಮಾಡಿದೆವು. ಭತ್ತದ ಕೊಯ್ಲಿನ ಕಾಲ. ದಾರಿಯುದ್ದಕ್ಕೂ ಹುಲ್ಲಿನ ಗಾಡಿಗಳು ಅಡ್ಡ ಬರುತ್ತಿದ್ದವು, ಬಸ್ಸಿನೊಳಗೆಲ್ಲ ಹೊಟ್ಟಿನ ಧೂಳು. ಮನೆಯಲ್ಲಿ ಹೇಳದೆ ಬೇರೆ ಊರಿಗೆ ಹೋಗುತ್ತಿರುವುದು ಅದೇ ಮೊದಲು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ.

ಅಂಗಡಿ ಸಂತೆ ಮೈದಾನದ ಹಿಂದಿನ ಓಣಿಯಲ್ಲಿತ್ತು. ಅಜ್ಜಿ ಡಬ್ಬಿಯನ್ನೇ ನಮ್ಮ ಮುಂದಿಟ್ಟಳು. ನಾವಿಬ್ಬರೂ ಕಟ್ಟೆಯ ಮೇಲೆ ಕೂತು ಒಂದೊಂದೇ ಕವರನ್ನು ಬಿಸಿಲಿಗೆ ಹಿಡಿಯುತ್ತಿದ್ದೆವು. ಹತ್ತೊಂಬತ್ತು ಸಿಕ್ಕಿತು. ಇಪ್ಪತ್ತಕ್ಕಾಗಿ ಹುಡುಕುತ್ತಿದ್ದಾಗ ನನ್ನ ಎಡಗಾಲನ್ನು ಯಾರೋ ಹಿಡಿದು ಎಳೆದ ಹಾಗಾಯಿತು.

ನಾಯಿ ಬೊಗಳಿರಲಿಲ್ಲ. ಓಡಿಯೂ ಬಂದಿರಲಿಲ್ಲ. ಕಂದು ಬಣ್ಣದ ಬಡಕಲು ನಾಯಿ, ತಲೆ ತಗ್ಗಿಸಿಕೊಂಡು ಸುಮ್ಮನೆ ನಡೆದು ಬಂದು ಮೀನಖಂಡಕ್ಕೆ ಬಾಯಿ ಹಾಕಿತ್ತು. ಕೂಗಿದರೂ ಬಿಡಲಿಲ್ಲ. ಗಿರಿಜ ಪುಸ್ತಕದ ಚೀಲದಿಂದ ಅದರ ತಲೆಗೆ ಬಡಿದಳು, ಆಮೇಲೆ ಚೀಲ ಬಿಟ್ಟು ಎರಡೂ ಕೈಯಿಂದ ಅದರ ಕುತ್ತಿಗೆ ಹಿಡಿದು ಎಳೆದಳು. ನನ್ನ ಕಾಲು ಬಿಟ್ಟಿತು. ಹೋಗುವ ಮುಂಚೆ ಅವಳ ಬಲಗೈ ಮಣಿಕಟ್ಟಿಗೆ ಒಮ್ಮೆ ಬಾಯಿ ಹಾಕಿತು. ನಂತರ ಏನೂ ಆಗದ ಹಾಗೆ ತಲೆ ತಗ್ಗಿಸಿಕೊಂಡು ಅಂಗಡಿಯ ಹಿಂದಕ್ಕೆ, ಅಜ್ಜಿಯ ದನದ ಕೊಟ್ಟಿಗೆಯ ಕಡೆಗೆ ಹೊರಟುಹೋಯಿತು. ಅಜ್ಜಿ ನೀರು ಹಾಕಿ ತೊಳೆದು ಸುಣ್ಣ ಹಚ್ಚಿದಳು. ಮನೆಗೆ ಹೋದ ಕೂಡಲೇ ದೊಡ್ಡವರಿಗೆ ಹೇಳಿ ಎಂದು ಎರಡು ಸಲ ಹೇಳಿದಳು.

ನಾವು ಹೇಳಲಿಲ್ಲ. ಬಸ್ಸಿನಲ್ಲಿ ಬರುವಾಗಲೇ ಗಿರಿಜ ನನ್ನಿಂದ ಆಣೆ ಮಾಡಿಸಿಕೊಂಡಳು. ನನ್ನ ಗಾಯ ಲಂಗದೊಳಗೆ ಮುಚ್ಚಿಹೋಯಿತು. ಅವಳು ತಲೆಯ ರಿಬ್ಬನ್ನು ಬಿಚ್ಚಿ ಕೈಗೆ ಸುತ್ತಿಕೊಂಡಳು. ತನ್ನದು ಬರೀ ಗೀರು ಎಂದಳು.

ಭಯ ಅವತ್ತೇ ಶುರುವಾಗಲಿಲ್ಲ. ಸೋಮವಾರ ಶುರುವಾಯಿತು. ನಾಯಿ ಕಚ್ಚಿದರೆ ಏನಾಗುತ್ತದೆ ಎಂದು ಕ್ಲಾಸಿನಲ್ಲಿ ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಒಬ್ಬಳ ಪ್ರಕಾರ ಕಚ್ಚಿಸಿಕೊಂಡವರು ನಾಯಿಯ ಹಾಗೆ ಬೊಗಳುತ್ತಾರೆ. ಇನ್ನೊಬ್ಬಳ ದೊಡ್ಡಪ್ಪನ ಊರಿನಲ್ಲಿ ಒಬ್ಬನನ್ನು ಹಗ್ಗದಿಂದ ಕಂಬಕ್ಕೆ ಕಟ್ಟಿದ್ದರಂತೆ. ನೀರು ಕಂಡರೆ ಹೆದರಿಕೆಯಾಗುತ್ತದೆ, ನೀರಿನಲ್ಲಿ ನಾಯಿಮರಿಗಳು ಕಾಣುತ್ತವೆ, ಕಂಡ ಮೇಲೆ ಯಾರೂ ಉಳಿಯುವುದಿಲ್ಲ ಎಂಬುದರಲ್ಲಿ ಮಾತ್ರ ಎಲ್ಲರೂ ಒಂದೇ ಮಾತು. ಅವತ್ತಿನಿಂದ ನಾನು ನೀರು ಕಂಡಲ್ಲೆಲ್ಲ ಬಗ್ಗಿ ನೋಡತೊಡಗಿದೆ. ಬೆಳಿಗ್ಗೆ ಹಂಡೆಯೊಳಗೆ, ಊಟಕ್ಕೆ ಕೂತಾಗ ಲೋಟದೊಳಗೆ. ಲೋಟದಲ್ಲಿ ನನ್ನ ಮೂಗು ಉದ್ದವಾಗಿ ಕಾಣುತ್ತಿತ್ತು, ಅದು ನಾಯಿಯ ಮೂತಿಯೋ ಎಂದು ಲೋಟ ಕೆಳಗಿಡುತ್ತಿದ್ದೆ. ಗಂಟಲು ಒಣಗಿ ನೀರು ಇಳಿಯದಿದ್ದರೆ ಬಂದೇಬಿಟ್ಟಿತು ಎಂದುಕೊಳ್ಳುತ್ತಿದ್ದೆ. ಅವ್ವ ಮೈ ಮುಟ್ಟಿ ನೋಡಿ, ಜ್ವರವಿಲ್ಲ, ಶಾಲೆಗೆ ಹೋಗು ಎನ್ನುತ್ತಿದ್ದಳು.

ಏಳು ಬಾವಿ ಬಗ್ಗಿ ನೋಡಿದರೆ ವಿಷ ಇಳಿಯುತ್ತದೆ ಎಂದು ಗಿರಿಜ ಎಲ್ಲಿಂದಲೋ ತಿಳಿದುಕೊಂಡು ಬಂದಳು. ಮಂಗಳವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಹೊರಟೆವು. ಗುಡಿಯ ಬಾವಿ, ಶಾಲೆಯ ಬಾವಿ, ಹೊಳೆಯ ಕಡೆಯ ತೋಟಗಳ ಬಾವಿಗಳು. ಒಬ್ಬಳು ಬಗ್ಗಿದಾಗ ಇನ್ನೊಬ್ಬಳು ಹಿಂದಿನಿಂದ ಲಂಗ ಹಿಡಿದುಕೊಳ್ಳಬೇಕು. ಪ್ರತಿ ಬಾವಿಯಲ್ಲೂ ಕಣ್ಣು ಬಿಡುವ ಮುಂಚೆ ನಾನು ಮೂರು ಸಲ ದೇವರನ್ನು ನೆನೆದೆ. ಆರನೆಯ ಬಾವಿಯಲ್ಲಿ ನಾನು ಬಗ್ಗಿದಾಗ ನೀರಿನೊಳಗೆ ಏನೋ ಕಪ್ಪಗೆ ಪುಳಕ್ಕನೆ ಹಾರಿತು. ಕಪ್ಪೆ ಇರಬೇಕು. ನಾನು ಚೀರಿಕೊಂಡು ಓಡಿದೆ. ಗಿರಿಜ ಹಿಂದೆ ಓಡಿ ಬಂದು ಹಿಡಿದುಕೊಂಡಳು. ಏಳನೆಯ ಬಾವಿಗೆ ನಾವು ಹೋಗಲಿಲ್ಲ. ಆರಕ್ಕೇ ನಿಂತದ್ದರಿಂದ ಇನ್ನೂ ಕೆಟ್ಟದ್ದಾಗುತ್ತದೆಯೇನೋ ಎಂಬ ಹೊಸ ಹೆದರಿಕೆಯೊಂದು ಸೇರಿಕೊಂಡಿತು.

ಬುಧವಾರ ಸರ್ಕಾರದ ಪ್ರಚಾರದ ವ್ಯಾನು ಊರಿಗೆ ಬಂತು. ಸಂಜೆ ಕತ್ತಲಾಗುತ್ತಲೇ ಶಾಲೆಯ ಮೈದಾನದಲ್ಲಿ ಎರಡು ಗಳ ನೆಟ್ಟು ಬಿಳಿ ಬಟ್ಟೆ ಕಟ್ಟಿದರು. ಅರ್ಧ ಊರೇ ಅಲ್ಲಿತ್ತು. ನಾನೂ ಗಿರಿಜಳೂ ಮುಂದೆ ಮಣ್ಣಿನಲ್ಲಿ ಕೂತೆವು. ಅಪ್ಪ ಕೆಲಸ ಮುಗಿಸಿ ಬಂದು ಹಿಂದೆ ಗಂಡಸರ ಜೊತೆ ನಿಂತಿದ್ದರು. ಮೊದಲು ಭತ್ತದ ಹುಳುಗಳ ಮೇಲೊಂದು ಚಿತ್ರ, ಆಮೇಲೆ ಸಣ್ಣ ಸಂಸಾರದ ಮೇಲೊಂದು. ಮೂರನೆಯದಕ್ಕೆ ಬಟ್ಟೆಯ ಮೇಲೆ ಒಮ್ಮೆಗೇ ಬಣ್ಣ ತುಂಬಿಕೊಂಡಿತು. ಬರೆದ ಹಳ್ಳಿ, ಬರೆದ ಮರ, ಬರೆದ ಸೂರ್ಯ. ಮಕ್ಕಳೆಲ್ಲ ಹೋ ಎಂದರು. ಗೊಂಬೆ ಸಿನಿಮಾ! ಒಂದು ವರ್ಷದಿಂದ ಕಾದದ್ದು ನಮ್ಮ ಶಾಲೆಗೇ ಹುಡುಕಿಕೊಂಡು ಬಂದಿತ್ತು. ಆ ಕ್ಷಣ ನನಗೆ ಎಲ್ಲವೂ ಮರೆತುಹೋಯಿತು. ಹೂಬಿಟ್ಟ ಬೇಲಿಯ ಪಕ್ಕದಲ್ಲಿ ಬರೆದ ಹುಡುಗನೊಬ್ಬ ಬುಗುರಿ ಆಡುತ್ತಿದ್ದ. ಅವನ ಹಿಂದೆ ಬೇಲಿಯ ಸಂದಿಯಿಂದ ನಾಯಿ ಬಂತು.

ಹಳದಿ ನಾಯಿ. ಕಣ್ಣು ಕೆಂಪು. ಬಾಯಿಯಿಂದ ನೊರೆ ಉಂಡೆಯುಂಡೆಯಾಗಿ ನೆಲಕ್ಕೆ ಬೀಳುತ್ತಿತ್ತು. ಕಚ್ಚಿತು. ಹುಡುಗ ಅತ್ತ, ಕಣ್ಣೊರೆಸಿಕೊಂಡ, ಮನೆಯಲ್ಲಿ ಬೈಯುತ್ತಾರೆಂದು ಗಾಯ ಮುಚ್ಚಿಟ್ಟ. ಗೋಡೆಯ ಕ್ಯಾಲೆಂಡರಿನ ಹಾಳೆಗಳು ತಾವಾಗಿಯೇ ಹರಿದು ಹಾರಿಹೋದವು. ಒಂದು ದಿನ ಅವನ ತಾಯಿ ನೀರಿನ ಲೋಟ ಕೊಟ್ಟಳು. ಲೋಟ ಬಾಯಿಯ ಹತ್ತಿರ ಬರುತ್ತಲೇ ಅವನ ಕುತ್ತಿಗೆ ಬಿಗಿಯಿತು, ಲೋಟ ದೊಡ್ಡದಾಗುತ್ತ ಆಗುತ್ತ ಇಡೀ ಬಟ್ಟೆಯನ್ನು ತುಂಬಿಕೊಂಡಿತು. ಜನ ನಗುತ್ತಿದ್ದರು. ಹುಡುಗನ ಮೈಯೆಲ್ಲ ಸುರುಳಿಸುರುಳಿಯಾಗಿ ನಡುಗುವುದನ್ನು ನೋಡಿದರೆ ತಿಳಿಯದವರಿಗೆ ನಗು ಬರುವಂತೆಯೇ ಇತ್ತು. ಗಿರಿಜ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಉಗುರು ನನ್ನ ಚರ್ಮಕ್ಕೆ ಇಳಿದಿತ್ತು. ನಾನು ಕೈ ಬಿಡಿಸಿಕೊಂಡು ಎದ್ದೆ. ಕೂತವರನ್ನು ತುಳಿದುಕೊಂಡು ಬೈಸಿಕೊಂಡು ಹಿಂದಕ್ಕೆ ಹೋಗಿ ಅಪ್ಪನ ಪಂಚೆ ಹಿಡಿದೆ.

"ಅಪ್ಪ, ನಂಗೂ ಕಚ್ಚೈತೆ."

ಅಪ್ಪ ಏನು ಎಂದು ಕೇಳಿದರು. ನಾನು ಬಟ್ಟೆಯ ಕಡೆ ಕೈ ತೋರಿಸಿದೆ. ಅವರು ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನನ್ನ ಲಂಗ ಮೊಣಕಾಲಿಗೆ ಎತ್ತಿ, ಪ್ರೊಜೆಕ್ಟರಿನಿಂದ ಸೋರಿದ ಬೆಳಕಿನಲ್ಲಿ ಗಾಯ ನೋಡಿದರು. ಯಾವಾಗ, ಯಾವ ಊರಲ್ಲಿ ಎಂದು ಕೇಳಿದರು. ಹೇಳಿದೆ. ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡಿದ್ದೆ. ಅವರ ಕೈ ನನ್ನ ಕಾಲಿನ ಮೇಲೆ ನಡುಗುತ್ತಿರುವುದು ಗೊತ್ತಾಯಿತು. ಅಪ್ಪನ ಕೈ ನಡುಗಬಲ್ಲದು ಎಂಬುದೇ ನನಗೆ ತಿಳಿದಿರಲಿಲ್ಲ. ಅಷ್ಟು ದಿನದ ಹೆದರಿಕೆಯೆಲ್ಲ ಒಂದು ಕಡೆ, ಆ ನಡುಕ ಒಂದು ಕಡೆ. ಹನ್ನೊಂದು ವರ್ಷದ ನನ್ನನ್ನು ಕೂಸಿನ ಹಾಗೆ ಹೆಗಲಿಗೆ ಹಾಕಿಕೊಂಡು ಅವರು ನೇರ ಡಾಕ್ಟರ ಮನೆಗೆ ನಡೆದರು.

ಮರುದಿನ ಬೆಳಿಗ್ಗೆ ಆಸ್ಪತ್ರೆ. ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು. ರೋಗ ಬಂದ ಮೇಲೆ ಯಾರ ಕೈಯಲ್ಲೂ ಏನೂ ಇಲ್ಲ, ಬರುವ ಮುಂಚೆ ಇದೊಂದೇ ದಾರಿ ಎಂದು ಡಾಕ್ಟರು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿ, ಆ ನಾಯಿ ಬೇರೆ ಯಾರಿಗಾದರೂ ಕಚ್ಚಿತೇ ಎಂದು ಕೇಳಿದರು. ಇಲ್ಲವೆಂದೆ. ಜೊತೆಗೆ ಯಾರಿದ್ದರು ಎಂದು ಅಪ್ಪ ಕೇಳಿದರು. ಒಬ್ಬಳೇ ಹೋಗಿದ್ದೆ ಎಂದೆ. ನ್ಯಾಮತಿಯಲ್ಲಿ ಯಾವ ಜಾಗದಲ್ಲಿ ಕಚ್ಚಿತು ಎಂದರೆ ಅಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ ಎಂದೆ. ಅಂಗಡಿ ಹೇಳಿದರೆ ಅಜ್ಜಿ ಸಿಗುತ್ತಾಳೆ, ಅಜ್ಜಿ ಇಬ್ಬರು ಹುಡುಗಿಯರು ಎನ್ನುತ್ತಾಳೆ. ಒಂದು ಆಣೆಯ ಸಲುವಾಗಿ ಮೂರು ಸುಳ್ಳು.

ಸೂಜಿ ಹಾಕುವಾಗ ಕಂಪೌಂಡರು ಕಾಲು ಹಿಡಿದರು, ಅಪ್ಪ ಕೈ ಹಿಡಿದರು. ಹೊಕ್ಕುಳಿನ ಪಕ್ಕದಲ್ಲಿ ಸ್ಪಿರಿಟ್ಟಿನ ತಣ್ಣನೆಯ ವೃತ್ತ, ಆಮೇಲೆ ಸೂಜಿ, ಆಮೇಲೆ ಔಷಧಿ ಒಳಗೆ ಹೋಗುತ್ತ ಉರಿ. ಅಲ್ಲೊಂದು ಗಂಟು ಏಳುತ್ತಿತ್ತು. ಮರುದಿನ ಅದರ ಪಕ್ಕದಲ್ಲಿ ಇನ್ನೊಂದು. ಅವ್ವ ಬಿಸಿನೀರಿನ ಬಟ್ಟೆ ಇಡುತ್ತ ಅಳುತ್ತಿದ್ದಳು. ಶಿವಮೊಗ್ಗ ಬಸ್ಸಿನ ಕಂಡಕ್ಟರ್ ಖಾದರ್ ಸಾಬರು ಅಪ್ಪನ ಸ್ನೇಹಿತರು. ಅವರು ನ್ಯಾಮತಿಯಲ್ಲಿ ಬಸ್ಸು ನಿಂತಾಗಲೆಲ್ಲ ಇಳಿದು ಸ್ಟ್ಯಾಂಡಿನ ಹತ್ತಿರದವರನ್ನೆಲ್ಲ ಕಂದು ನಾಯಿಯ ಬಗ್ಗೆ ಕೇಳುತ್ತಿದ್ದರು. ನಾಯಿ ಬದುಕಿದ್ದರೆ ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಂಥ ನಾಯಿಯನ್ನು ಅಲ್ಲಿ ಯಾರೂ ನೋಡಿರಲಿಲ್ಲ. ನೋಡುವುದು ಹೇಗೆ, ನಾನು ಹೇಳಿದ ಜಾಗವೇ ಸುಳ್ಳು.

ನಾಲ್ಕನೆಯ ಸೂಜಿಯ ದಿನ ಭಾನುವಾರ. ಮಧ್ಯಾಹ್ನ ಗಿರಿಜ ನೋಟ್‌ಬುಕ್ ಕೊಡುವ ನೆಪದಲ್ಲಿ ಬಂದಳು. ರಿಬ್ಬನ್ನಿನ ಬದಲು ಮಣಿಕಟ್ಟಿಗೆ ಗಾಜಿನ ಬಳೆ ತುಂಬಾ ಹಾಕಿಕೊಂಡಿದ್ದಳು. ಹೇಳಿದೆಯಾ ಎಂದು ಕೇಳಿದಳು. ಇಲ್ಲವೆಂದೆ. ತುಂಬಾ ನೋಯುತ್ತದೆಯೇ ಎಂದು ಕೇಳಿದಳು. ನೋವಿನ ಮಾತು ಬಿಟ್ಟು, ಡಾಕ್ಟರು ಅಪ್ಪನಿಗೆ ಹೇಳಿದ್ದನ್ನು ಹೇಳಿದೆ. ಅವಳು ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತ ಕೂತಳು.

ಅವ್ವ ಒಗ್ಗರಣೆ ಮಂಡಕ್ಕಿ ತಂದಿಟ್ಟಳು. ಗಿರಿಜ ನಾಲ್ಕು ಬಾಯಿ ತಿಂದು ನೀರಿನ ಲೋಟ ಎತ್ತಿದಳು. ಮೊದಲ ಗುಟುಕಿಗೇ ಕೆಮ್ಮು ಬಂತು. ನೀರು ಮೂಗಿನಿಂದ ಬಂತು, ಕುತ್ತಿಗೆಯ ನರ ಎದ್ದು ನಿಂತವು, ಕಣ್ಣು ಕೆಂಪಾದವು. ಲೋಟ ನೆಲಕ್ಕೆ ಬಿದ್ದು ಉರುಳಿತು. ಗೊಂಬೆ ಸಿನಿಮಾದ ಆ ಹುಡುಗನೇ ನನ್ನ ಮುಂದೆ ಕೂತಿದ್ದ. ಕೆಮ್ಮು ನಿಂತ ಮೇಲೆ ಅವಳು ನನ್ನನ್ನು ನೋಡಿದಳು. ಅವಳಿಗೂ ಅದೇ ನೆನಪಾಗಿತ್ತು. ಮೆಣಸಿನಕಾಯಿ ನೆತ್ತಿಗೆ ಹತ್ತಿತು ಎಂದಳು. ತಾನೇ ಎದ್ದು ಹೋಗಿ ಇನ್ನೊಂದು ಲೋಟ ನೀರು ತಂದು ನನ್ನ ಮುಂದೆ ನಿಂತು ಕುಡಿದಳು. ಅರ್ಧ ನೀರು ಎದೆಯ ಮೇಲೆ ಹರಿಯಿತು.

"ಕುಡದೆ ನೋಡು. ನಂಗೇನೂ ಆಗಿಲ್ಲ. ನೀನು ಹೇಳ್ಬ್ಯಾಡ ಸುಶೀ. ಹೇಳಿದ್ರೆ ನಂಗೆ ಇಲ್ಲಿ ಓದಾಕೆ ಬಿಡಲ್ಲ ಅವ್ರು."

ಅವಳು ಹೋದ ಮೇಲೆ ನಾನು ನೆಲದ ಮೇಲಿನ ನೀರು ನೋಡುತ್ತ ಕೂತೆ. ಹೇಳಿದರೆ ಅವಳ ಶಾಲೆ ಹೋಗುತ್ತದೆ. ಹೇಳದಿದ್ದರೆ ಏನು ಹೋಗುತ್ತದೆ ಎಂಬುದನ್ನು ಬಣ್ಣದಲ್ಲಿ ಬರೆದು ತೋರಿಸಿದ್ದರು. ನನ್ನ ಕಾಲು ಬಿಡಿಸಲು ಬಂದು ಅವಳು ಕಚ್ಚಿಸಿಕೊಂಡಿದ್ದಳು, ಇಲ್ಲವಾದರೆ ಆ ನಾಯಿಗೂ ಅವಳಿಗೂ ಸಂಬಂಧವೇ ಇರಲಿಲ್ಲ. ಹೊಟ್ಟೆ ಹಿಡಿದುಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಓಡಿದರೆ ಗಂಟುಗಳು ಕಲ್ಲಿನ ಹಾಗೆ ಒತ್ತುತ್ತಿದ್ದವು. ಅಪ್ಪ ಶಿವಮೊಗ್ಗ ಬಸ್ಸಿಗೆ ಜನ ಕೂಗುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಕೂಗು ಅರ್ಧಕ್ಕೇ ನಿಂತಿತು.

"ನಾಕು ದಿನ ಯಾಕೆ ಹೇಳಲಿಲ್ಲ?"

ಜಗಳೂರು ಬಸ್ಸಿನ ವಿಷಯ ಹೇಳಿದೆ. ಅಪ್ಪ ಟಿಕೆಟ್ ಪುಸ್ತಕವನ್ನು ಚಹಾ ಅಂಗಡಿಯವನ ಕೈಗಿಟ್ಟು ಹಿಟ್ಟಿನ ಗಿರಣಿಯ ಕಡೆ ಹೊರಟರು.

ಅಲ್ಲಿ ಏನು ಮಾತಾಯಿತೋ ನನಗೆ ಪೂರ್ತಿ ತಿಳಿಯದು. ಗಿರಿಜಳ ಅತ್ತೆ ಮೊದಲು ನಂಬಲಿಲ್ಲವಂತೆ, ಅಪ್ಪ ಬಳೆ ಸರಿಸಿ ತೋರಿಸಿದರಂತೆ. ಆಸ್ಪತ್ರೆಯಲ್ಲಿದ್ದ ಔಷಧಿ ನನ್ನೊಬ್ಬಳಿಗೆ ಸಾಲುವಷ್ಟಿತ್ತು. ಅವತ್ತು ಅದರಲ್ಲೇ ಅವಳಿಗೂ ಮೊದಲ ಸೂಜಿ ಹಾಕಿದರು. ಉಳಿದದ್ದನ್ನು ಡಾಕ್ಟರ ಚೀಟಿ ತೋರಿಸಿ ಖಾದರ್ ಸಾಬರು ಶಿವಮೊಗ್ಗದಿಂದ ತಂದರು. ದೊಡ್ಡ ಫ್ಲಾಸ್ಕಿನಲ್ಲಿ ಐಸು ತುಂಬಿ, ಅದರೊಳಗೆ ಸೀಸೆಗಳನ್ನಿಟ್ಟು, ಬಸ್ಸು ಕುಲುಕಿದರೆ ಒಡೆದೀತೆಂದು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದರಂತೆ. ಆ ಟ್ರಿಪ್ಪಿನಲ್ಲಿ ಟಿಕೆಟ್ ಹರಿದದ್ದು ಕ್ಲೀನರು.

ಆಮೇಲಿನ ದಿನಗಳಲ್ಲಿ ನಾವಿಬ್ಬರೂ ಆಸ್ಪತ್ರೆಯ ವರಾಂಡದ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂರುತ್ತಿದ್ದೆವು. ಹೊಳೆಯ ಕಡೆಯಿಂದ ಮಂಜು ಬಂದು ಆಸ್ಪತ್ರೆಯ ಗೇಟು ಕಾಣುತ್ತಿರಲಿಲ್ಲ. ನಾನು ಸೂಜಿಗೆ ಕಿರುಚುತ್ತಿದ್ದೆ. ಗಿರಿಜ ಕಿರುಚುತ್ತಿರಲಿಲ್ಲ. ಅವಳ ಕೈ ಹಿಡಿಯಲು ಯಾರೂ ಬರುತ್ತಿರಲಿಲ್ಲವಾದ್ದರಿಂದ ನನ್ನ ಅಪ್ಪನೇ ಹಿಡಿಯುತ್ತಿದ್ದರು. ಅವಳು ಅಪ್ಪನ ಕೈ ಹಿಡಿಯುತ್ತಿದ್ದಳು, ನನ್ನ ಕಡೆ ನೋಡುತ್ತಿರಲಿಲ್ಲ. ನನ್ನ ಹದಿನಾಲ್ಕು ಮುಗಿದ ಮೇಲೂ ನಾನು ಅಪ್ಪನ ಜೊತೆ ಹೋಗಿ ಬೆಂಚಿನ ಮೇಲೆ ಕೂರುತ್ತಿದ್ದೆ. ಕೊನೆಯ ದಿನ ಧೈರ್ಯ ಮಾಡಿ ಅವಳ ಹೆಸರು ಹಿಡಿದು ಕರೆದೆ. ಅವಳು ಲಂಗದ ದಾರ ಬಿಗಿದುಕೊಳ್ಳುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ನಿಂಗೆ ಅಪ್ಪ ಇದ್ರು. ಅದಕ್ಕೆ ನೀನು ಹೇಳ್ದೆ."

ಮರುದಿನ ಅವಳನ್ನು ಊರಿಗೆ ಕಳಿಸಿದರು. ವರ್ಷ ಮುಗಿಯುವವರೆಗಾದರೂ ಇಟ್ಟುಕೊಳ್ಳಿ ಎಂದು ಅಪ್ಪ ಗಿರಣಿಗೆ ಎರಡು ಸಲ ಹೋಗಿ ಕೇಳಿದ್ದರು. ಮನೆಯಲ್ಲಿ ಹೇಳದೆ ಊರೂರು ತಿರುಗುವ ಹುಡುಗಿಯ ಜವಾಬ್ದಾರಿ ತಮ್ಮಿಂದಾಗದು ಎಂದರಂತೆ ಅವಳ ಮಾವ. ದಾವಣಗೆರೆಗೆ ಹೋಗಿ ಅಲ್ಲಿಂದ ಜಗಳೂರು ಬಸ್ಸು ಹಿಡಿಯಬೇಕು. ಹೊನ್ನಾಳಿಯಲ್ಲಿ ಅವಳನ್ನು ಬಸ್ಸು ಹತ್ತಿಸುವ ಕೆಲಸ ಅಪ್ಪನದೇ ಆಯಿತು. ಡ್ರೈವರಿನ ಹಿಂದಿನ ಸೀಟು ಕೊಟ್ಟು, ಕಂಡಕ್ಟರಿಗೆ ಮೂರು ಮೂರು ಸಲ ಹೇಳಿದರು. ನಾನು ಚಹಾ ಅಂಗಡಿಯ ಮರೆಯಲ್ಲಿ ನಿಂತಿದ್ದೆ. ಬಸ್ಸು ಹೊರಟಾಗ ಅವಳು ಎದುರಿನ ಗಾಜಿನಾಚೆಗೇ ನೋಡುತ್ತಿದ್ದಳು.

ಹೆದರಿಕೆ ಅಲ್ಲಿಗೂ ಮುಗಿಯಲಿಲ್ಲ. ಮೂರು ತಿಂಗಳು ನಿಗಾ ಇಡಿ ಎಂದಿದ್ದರು ಡಾಕ್ಟರು. ನನ್ನ ಮೇಲೆ ಅವ್ವ ಇಟ್ಟಳು. ಗಿರಿಜಳ ಮೇಲೆ ಯಾರು ಇಡುತ್ತಾರೆ, ಅಲ್ಲಿ ಡಾಕ್ಟರಾದರೂ ಇದ್ದಾರೆಯೇ ಎಂದು ನಾನು ದಿನವೂ ಯೋಚಿಸುತ್ತಿದ್ದೆ. ಒಂದೊಂದು ಸಲ ಇದೆಲ್ಲ ಸುಳ್ಳೇ ಆಗಿದ್ದರೆ ಎಂದೂ ಅನ್ನಿಸುತ್ತಿತ್ತು. ಆ ನಾಯಿಗೆ ಏನೂ ಆಗಿರದೆ ಅದು ಇನ್ನೂ ನ್ಯಾಮತಿಯ ಓಣಿಯಲ್ಲಿ ಅಡ್ಡಾಡುತ್ತಿದ್ದರೆ? ಹಾಗಾದರೆ ನಾನು ಅವಳನ್ನು ಸುಮ್ಮನೆ ಜಗಳೂರಿಗೆ ಓಡಿಸಿದ ಹಾಗಾಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಖಾದರ್ ಸಾಬರು ಅಪ್ಪನ ಜೊತೆ ಮನೆಗೆ ಬಂದರು. ನಾನು ನಿಜ ಹೇಳಿದ ಮೇಲೆ ಅವರು ಅಜ್ಜಿಯ ಅಂಗಡಿ ಹುಡುಕಿ, ಆ ದಾರಿಯಲ್ಲಿ ಹೋದಾಗಲೆಲ್ಲ ವಿಚಾರಿಸುತ್ತಿದ್ದರಂತೆ. ಅಲ್ಲೂ ನಾಯಿ ಮತ್ತೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಆದರೆ ಅವತ್ತು ಅದು ಅಂಗಡಿಯ ಹಿಂದಕ್ಕೆ ಹೋಗಿತ್ತಲ್ಲ, ಅಲ್ಲಿ ಅಜ್ಜಿಯ ಕರು ಕಟ್ಟಿತ್ತು. ಅದರ ಮೂತಿಯ ಮೇಲಿನ ಗಾಯವನ್ನು ಮುಳ್ಳು ತರಚಿದ್ದು ಎಂದುಕೊಂಡಿದ್ದಳಂತೆ ಅಜ್ಜಿ. ಹಿಂದಿನ ವಾರ ಕರು ನೀರು ಮುಟ್ಟದೆ, ಜೊಲ್ಲು ಸುರಿಸುತ್ತ, ಕೊಟ್ಟಿಗೆಯ ಕಂಬಕ್ಕೆ ತಲೆ ಹೊಡೆದುಕೊಂಡು ಮೂರು ದಿನದಲ್ಲಿ ಸತ್ತಿತ್ತು. ಖಾದರ್ ಸಾಬರು ಮಾತು ಮುಗಿಸಿ ನನ್ನ ತಲೆಯ ಮೇಲೆ ಕೈಯಿಟ್ಟರು.

"ಅಲ್ಲಾ ದೊಡ್ಡವನು, ಬೇಟಿ. ನೀನು ಬಾಯಿ ಬಿಟ್ಟೆಯಲ್ಲ, ಅಷ್ಟು ಸಾಕು."

ಅವತ್ತು ನನಗೆ ಜ್ವರ ಬಂತು. ಎರಡು ದಿನ ಮೇಲೇಳಲಿಲ್ಲ. ಎದ್ದ ಮೇಲೆ ಅಪ್ಪನನ್ನು ಕೇಳಿದ್ದು ಒಂದೇ, ಕರುವಿನ ವಿಷಯ ಗಿರಿಜಳಿಗೆ ಗೊತ್ತಾಗಬೇಕು. ಅಪ್ಪ ದಾವಣಗೆರೆ ಕಂಡಕ್ಟರಿಗೆ ಹೇಳಿದರು, ಅವರು ಜಗಳೂರು ಬಸ್ಸಿನವರಿಗೆ ಹೇಳಿದರು. ಬಾಯಿಂದ ಬಾಯಿಗೆ ಹೋದ ಸುದ್ದಿ ಆ ಹಳ್ಳಿಯನ್ನು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಶಿವರಾತ್ರಿ ಹೋಯಿತು, ಬಿಸಿಲು ಏರಿತು, ನನ್ನ ಹೊಟ್ಟೆಯ ಗಂಟುಗಳು ಒಂದೊಂದಾಗಿ ಕರಗಿದವು.

ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ ಅಪ್ಪ ಒಬ್ಬ ಹೆಂಗಸನ್ನು ಮನೆಗೆ ಕರೆದುಕೊಂಡು ಬಂದರು. ಕಪ್ಪಗೆ, ತೆಳ್ಳಗೆ, ತಲೆಯ ಮೇಲೆ ಸೆರಗು, ಕಂಕುಳಲ್ಲಿ ಶೇಂಗಾದ ಸಣ್ಣ ಗಂಟು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಏಜೆಂಟರು ಯಾರು, ಅವರ ಮಗಳು ಯಾರು ಎಂದು ಕೇಳಿಕೊಂಡು ನಿಂತಿದ್ದಳಂತೆ. ಗಿರಿಜಳ ಅವ್ವ. ನಾನು ಬಾಗಿಲ ಹಿಂದೆ ಸರಿದೆ. ಬೈಯಲು ಬಂದಿದ್ದಾಳೆ ಎಂದೇ ಅಂದುಕೊಂಡೆ. ಮಗಳ ಓದು ಕೆಡಿಸಿದವಳು ನಾನು.

ಅವ್ವ ಕೊಟ್ಟ ಮಜ್ಜಿಗೆ ಕುಡಿದು ಅವಳು ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು. ಕರುವಿನ ಸುದ್ದಿ ತಲುಪಿತ್ತು. ಕಂಡಕ್ಟರೊಬ್ಬ ಅವಳ ಊರಿನವರೆಗೂ ಹೇಳಿಕಳಿಸಿದ್ದ. ಅದನ್ನು ಕೇಳಿದ ದಿನ ತಾನು ಹೊಲದಲ್ಲೇ ಕುಸಿದು ಕೂತೆ ಎಂದಳು. ಗಿರಿಜ ಈಗ ಶೇಂಗಾ ಬಿಡಿಸುವ ಕೆಲಸಕ್ಕೆ ಬರುತ್ತಾಳಂತೆ, ಮುಂದಿನ ವರ್ಷ ಜಗಳೂರಿನ ಶಾಲೆಗೆ ಸೇರಿಸಲು ಮೇಷ್ಟ್ರೊಬ್ಬರನ್ನು ಕೇಳಿದ್ದಾಳಂತೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ ಎಂದಳು. ಗಿರಿಜಳಿಗೆ ನನ್ನ ಮೇಲೆ ಇನ್ನೂ ಸಿಟ್ಟಿದೆಯೇ ಎಂದು ಕೇಳಿದೆ.

ಆ ತಾಯಿ ನನ್ನ ಕೈಯನ್ನು ತನ್ನ ಒರಟು ಅಂಗೈಯೊಳಗೆ ತೆಗೆದುಕೊಂಡಳು.

"ಐತವ್ವ. ನಿನ್ನ ಹೆಸರು ತಗದ್ರೆ ಎದ್ದು ಹೊರಗೆ ಹೋಗ್ತಾಳೆ. ಇರ್ಲಿ ಬಿಡು. ಸಿಟ್ಟು ಮಾಡಾಕೆ ನನ್ನ ಮಗಳು ಇದ್ದಾಳಲ್ಲ."